ಕ್ಲೇ ಬ್ಲಾಕಾ, ಸಿಮೆಂಟ್ ಬ್ಲಾಕಾ? ಕಾಸರಗೋಡು ಕಡೆ ಮನೆ ಕಟ್ಟುವವರಿಗೆ ಗೋಡೆಯ ಲೆಕ್ಕ

ಮನೆ ಕಟ್ಟಲು ಹೊರಟವರು ಮೊದಲು ಕೇಳುವುದು "ಒಂದು ಕಲ್ಲಿಗೆ ಎಷ್ಟು?" ಅಂತ. ಬದಿಯಡ್ಕದಲ್ಲಿ ಕೇಳಿ, ಪೆರ್ಲದಲ್ಲಿ ಕೇಳಿ, ಮಂಜೇಶ್ವರದಲ್ಲಿ ಕೇಳಿ, ಮಾತು ಅಲ್ಲಿಂದಲೇ ಶುರು. ಸಿಮೆಂಟ್ ಬ್ಲಾಕಿಗೆ ಇಷ್ಟು, ಕ್ಲೇ ಬ್ಲಾಕಿಗೆ ಅಷ್ಟು, ಹಾಗಾದರೆ ಸಿಮೆಂಟೇ ಸಾಕು ಅಂತ ಅಂಗಡಿ ಎದುರಿನಲ್ಲೇ ತೀರ್ಮಾನ ಆಗಿಬಿಡುತ್ತದೆ. ಆದರೆ ಕಲ್ಲಿನ ರೇಟು ನೋಡಿ ಗೋಡೆಯ ಖರ್ಚು ಹೇಳಲು ಆಗುವುದಿಲ್ಲ. ಗೋಡೆಯ ಖರ್ಚು ನೋಡಿ ಮನೆಯ ಖರ್ಚು ಹೇಳಲೂ ಆಗುವುದಿಲ್ಲ. ಗೋಡೆ ಭಾರ ಹೊರಬೇಕಾ, ಸುಮ್ನೆ ಮರೆಯಾಗಿ ನಿಂತರೆ ಸಾಕಾ, ಅದು ಮೊದಲು ಗೊತ್ತಾಗಬೇಕು. ಉಳಿದ ಲೆಕ್ಕ ಎಲ್ಲಾ ಆಮೇಲೆ.

ಯಾವುದು ಯಾವುದು ಅಂತ ಒಮ್ಮೆ ಹೇಳಿಬಿಡುತ್ತೇನೆ. ಕ್ಲೇ ಬ್ಲಾಕ್ ಅಂದರೆ ಜೇಡಿಮಣ್ಣನ್ನು ಅಚ್ಚಿನಿಂದ ಒತ್ತಿ ತೆಗೆದು, ಒಣಗಿಸಿ, ಗೂಡಿನಲ್ಲಿ ಸುಟ್ಟ ಟೊಳ್ಳು ಇಟ್ಟಿಗೆ. ಒಳಗೆ ಸಾಲು ಸಾಲು ತೂತು. ನಮಗೆ ಸುಟ್ಟ ಮಣ್ಣು ಹೊಸದೇನೂ ಅಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯ ಮಾಡುಗಳೆಲ್ಲ ಕೆಂಪಾದವು. ಈಗ ಅದೇ ಸುಟ್ಟ ಮಣ್ಣು ಗೋಡೆಗೂ ಇಳಿದಿದೆ, ಅಷ್ಟೆ. ಕೆಲವು ಕೋಝಿಕ್ಕೋಡಿನ ಫೆರೋಕ್ ಕಡೆಯಿಂದ, ತೃಶ್ಶೂರು ಕಡೆಯಿಂದ ಬರುತ್ತವೆ. ವೀನರ್‌ಬರ್ಗರ್ ಕಂಪೆನಿಯ ಪೋರೋಥರ್ಮ್ ಬ್ಲಾಕ್ ತಯಾರಾಗುವುದು ಬೆಂಗಳೂರಿನ ಹತ್ತಿರ ಕುಣಿಗಲ್‌ನಲ್ಲಿ.

ಸಿಮೆಂಟ್ ಬ್ಲಾಕ್ ಎಲ್ಲರಿಗೂ ಗೊತ್ತು. ಸಿಮೆಂಟ್, ಜಲ್ಲಿ, ಜಲ್ಲಿ ಹುಡಿ ಸೇರಿಸಿ ಮೆಷಿನಿನಲ್ಲಿ ಒತ್ತಿದ್ದು. ಸಾಲಿಡ್ ಉಂಟು, ಹಾಲೋ ಉಂಟು. ಪೇಟೆಯಿಂದ ನಾಲ್ಕು ಕಿಲೋಮೀಟರ್ ಹೋದರೆ ಒಂದು ಯಾರ್ಡ್ ಸಿಗುತ್ತದೆ.

ನಮ್ಮ ಊರಲ್ಲಿ ಈ ಹೋಲಿಕೆ ಇಬ್ಬರ ನಡುವೆ ಮುಗಿಯುವುದಿಲ್ಲ. ಕೆಂಪುಕಲ್ಲು, ಅಂದರೆ ನಮ್ಮ ಮುರಕಲ್ಲು, ಅಂಗಳದಲ್ಲೇ ನಿಂತಿದೆ. ಬೇಕಲ ಕೋಟೆ ಅದರದ್ದೇ. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ಹೇಳುವ ಆ ಗೋಡೆಗಳು ಉಪ್ಪುಗಾಳಿಗೆ ಮುಖ ಕೊಟ್ಟು ಇವತ್ತಿಗೂ ಇವೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬೆಂಗಳೂರಿನವರು ಮಾಡಿದ ಹೋಲಿಕೆಯನ್ನು ಇಲ್ಲಿಗೆ ತಂದರೆ ಪ್ರಯೋಜನ ಇಲ್ಲ.

ಮೊದಲು ಕಂಬದ ಪ್ರಶ್ನೆ

ಇಲ್ಲಿ ಸ್ವಲ್ಪ ನಿಧಾನ ಮಾಡಿ ಓದಿ. ಜಾಸ್ತಿ ಹಣ ಇರುವುದು ಇಲ್ಲೇ.

ಕಾಸರಗೋಡಿನ ಹಳ್ಳಿಯ ಹೆಚ್ಚಿನ ಮನೆಗಳಲ್ಲಿ ಕಾಂಕ್ರೀಟ್ ಕಂಬ ಇರುವುದಿಲ್ಲ. ಕಗ್ಗಲ್ಲಿನ ಪಂಚಾಂಗ (ಅಡಿಪಾಯ), ಮೇಲೆ ಕಾಂಕ್ರೀಟ್ ಬೆಲ್ಟ್, ಅದರ ಮೇಲೆ ಕೆಂಪುಕಲ್ಲಿನ ಗೋಡೆ, ಬಾಗಿಲು ಕಿಟಕಿಯ ಮೇಲಿನ ಅಡ್ಡಪಟ್ಟಿ ಅಂದರೆ ಲಿಂಟಲ್, ಆಮೇಲೆ ತಾರಸಿ ಅಥವಾ ಹಂಚಿನ ಮಾಡು. ತಾರಸಿಯ ಭಾರ ಪೂರ್ತಿ ಗೋಡೆಯ ಮೇಲೆ. ಕೆಂಪುಕಲ್ಲು ಇದನ್ನು ಹೊರುತ್ತದೆ. ಒಳ್ಳೆಯ ಸಾಲಿಡ್ ಸಿಮೆಂಟ್ ಬ್ಲಾಕ್ ಕೂಡ ಹೊರುತ್ತದೆ, ಇಂಜಿನಿಯರ್ ಲೆಕ್ಕ ಹಾಕಿ ಒಪ್ಪಿದರೆ.

ಕ್ಲೇ ಬ್ಲಾಕಿನ ವಿಷಯ ಬೇರೆ. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಕ್ಲೇ ಬ್ಲಾಕ್ ಕಂಬ, ಬೀಮು ಇರುವ ಕಟ್ಟಡದಲ್ಲಿ ಮಧ್ಯದ ಜಾಗ ತುಂಬಲಿಕ್ಕೆ ಇರುವಂಥದ್ದು. ತೂತು ಅಡ್ಡಕ್ಕೆ ಬರುವ ಬ್ಲಾಕ್ ಅಂತೂ ಭಾರ ಹೊರುವ ಕೆಲಸಕ್ಕೆ ಬೇಡವೇ ಬೇಡ. ತೂತು ನೇರಕ್ಕೆ ಬರುವ, ಭಾರ ಹೊರಬಲ್ಲ ಬ್ಲಾಕುಗಳೂ ಉಂಟು. ಆದರೆ "ಇದು ಲೋಡ್ ಬೇರಿಂಗ್" ಅಂತ ಅಂಗಡಿಯವರು ಬಾಯಲ್ಲಿ ಹೇಳಿದರೆ ಸಾಲದು. ಟೆಸ್ಟ್ ರಿಪೋರ್ಟ್ ಕೈಗೆ ಬರಬೇಕು, ಅದನ್ನು ನಿಮ್ಮ ಇಂಜಿನಿಯರ್ ಓದಬೇಕು. ಟೊಳ್ಳು ಮಣ್ಣಿನ ಇಟ್ಟಿಗೆಗೆ ಐಎಸ್ 3952 (ಐಎಸ್ ಅಂದರೆ ಭಾರತೀಯ ಮಾನದಂಡ) ಕೇಳುವುದು ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಬಲ. ಕೆಂಪುಕಲ್ಲಿನ ಐಎಸ್ 3620 ಕೇಳುವುದೂ ಅಷ್ಟೇ. ಹಾಗಂತ ಎರಡೂ ಒಂದೇ ಅಲ್ಲ. ಕೆಂಪುಕಲ್ಲು ಒಳಗಿನ ತನಕ ಗಟ್ಟಿ. ಕ್ಲೇ ಬ್ಲಾಕಿನ ಒಳಗೆ ಇರುವುದು ತೆಳು ಪದರಗಳು. ಬೀಮಿನ ತುದಿ ಒಂದೇ ಕಡೆ ಒತ್ತಿದರೆ, ಅಥವಾ ಪೈಪಿಗೆ ಅಂತ ಒಂದು ಪದರ ಕಡಿದರೆ, ವ್ಯತ್ಯಾಸ ಗೊತ್ತಾಗುತ್ತದೆ.

ಹಾಗಾಗಿ ಒಂದೇ ಅಂತಸ್ತಿನ ಮನೆಗೆ ಕ್ಲೇ ಬ್ಲಾಕ್ ಬೇಕು ಅಂತ ಹೊರಟು, ಅದಕ್ಕೋಸ್ಕರವೇ ಕಂಬ, ಕಂಬದ ಬುಡದ ಫೂಟಿಂಗ್, ಬೀಮು ಎಲ್ಲಾ ಸೇರಿಸಿದರೆ, ಕಬ್ಬಿಣ ಮತ್ತು ಕಾಂಕ್ರೀಟಿನ ಆ ಹೊಸ ಖರ್ಚನ್ನು ಗೋಡೆಯ ಲೆಕ್ಕಕ್ಕೇ ಬರೆಯಬೇಕು. ಆಗ ಕ್ಲೇ ಬ್ಲಾಕ್ ತುಂಬಾ ದುಬಾರಿ. ಆದರೆ ಕಂಬ ಹೇಗೂ ಬರುವುದಿದ್ದರೆ, ಎರಡು ಮೂರು ಅಂತಸ್ತು ಇದ್ದರೆ, ಕೆಳಗೆ ಅಂಗಡಿ ಮೇಲೆ ಮನೆ ಅಂತ ಇದ್ದರೆ, ಗುಡ್ಡ ಕಡಿದು ಮಣ್ಣು ತುಂಬಿಸಿದ ಜಾಗ ಇದ್ದರೆ, ಲೆಕ್ಕ ಪೂರ್ತಿ ತಿರುಗುತ್ತದೆ. ಆಗ ಗೋಡೆ ಹಗುರ ಆದಷ್ಟೂ ಒಳ್ಳೆಯದು.

ನೂರು ಚದರ ಅಡಿಯ ಲೆಕ್ಕ

ಕಲ್ಲಿನ ರೇಟು ಬಿಡಿ, ನೂರು ಚದರ ಅಡಿ ಗೋಡೆಗೆ ಎಷ್ಟು ಅಂತ ಕೇಳಿ. 40 ಸೆಂಟಿಮೀಟರ್ ಉದ್ದ, 20 ಅಗಲ, 20 ಎತ್ತರದ ಬ್ಲಾಕ್ ಆದರೆ, ಒಂದು ಸೆಂಟಿಮೀಟರ್ ಗಾರೆ ಸೇರಿಸಿ, ನೂರು ಚದರ ಅಡಿಗೆ ಸುಮಾರು 108 ಬೇಕು. ಕ್ಲೇ ಆದರೂ ಅಷ್ಟೇ, ಸಿಮೆಂಟ್ ಆದರೂ ಅಷ್ಟೇ. ಕೆಂಪುಕಲ್ಲಿನ ಅಳತೆ ಕೋರೆಯಿಂದ ಕೋರೆಗೆ ಬದಲಾಗುತ್ತದೆ. ಮುಖ 14 ಇಂಚು ಉದ್ದ, 7 ಇಂಚು ಎತ್ತರ ಅಂತ ಹಿಡಿದರೆ 130ರ ಹತ್ತಿರ ಹೋಗುತ್ತದೆ.

ಸಾವಿರ ಚದರ ಅಡಿಯ ಮನೆ ಅಂತ ಇಟ್ಟುಕೊಳ್ಳಿ. ಹೊರಗೋಡೆ ಒಳಗೋಡೆ ಸೇರಿ 230 ಅಡಿ ಉದ್ದ, 10 ಅಡಿ ಎತ್ತರ, ಬಾಗಿಲು ಕಿಟಕಿ ಕಳೆದರೆ 1900 ಚದರ ಅಡಿ ಗೋಡೆ ಉಳಿಯಿತು. ಅದಕ್ಕೆ 2050 ಬ್ಲಾಕ್. ಈಗ ಒಂದು ಬ್ಲಾಕಿಗೆ ಹತ್ತು ರೂಪಾಯಿ ಜಾಸ್ತಿ ಕೊಟ್ಟರೂ ಇಡೀ ಮನೆಗೆ ಬರುವ ವ್ಯತ್ಯಾಸ ಇಪ್ಪತ್ತು ಸಾವಿರದ ಆಸುಪಾಸು. ಸಣ್ಣ ಮೊತ್ತ ಅಂತ ಹೇಳುವುದಿಲ್ಲ. ಆದರೆ ನಾಲ್ಕು ಕಂಬ ಜಾಸ್ತಿ ಆದರೆ ಅಥವಾ ಸಾರಣೆ ಅರ್ಧ ಇಂಚು ದಪ್ಪ ಆದರೆ ಈ ವ್ಯತ್ಯಾಸ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಇನ್ನು ತೂಕ. ಈ ಅಳತೆಯ ಕ್ಲೇ ಬ್ಲಾಕ್ 11-12 ಕೆ.ಜಿ. ಸಾಲಿಡ್ ಸಿಮೆಂಟ್ ಬ್ಲಾಕ್ 30 ಕೆ.ಜಿ. ದಾಟುತ್ತದೆ. ಆ 1900 ಚದರ ಅಡಿಗೆ ಕ್ಲೇ ಆದರೆ 24 ಟನ್, ಸಾಲಿಡ್ ಸಿಮೆಂಟ್ ಆದರೆ 60 ಟನ್‌ಗಿಂತ ಜಾಸ್ತಿ. ಹಾಲೋ ಸಿಮೆಂಟ್ ಇವೆರಡರ ನಡುವೆ. ಕೆಳಗಿನ ಅಂತಸ್ತಿನಲ್ಲಿ, ಗಟ್ಟಿ ಮುರಕಲ್ಲಿನ ನೆಲದ ಮೇಲೆ, ಈ ತೂಕ ಏನೂ ತೊಂದರೆ ಮಾಡುವುದಿಲ್ಲ. ಮೇಲಿನ ಅಂತಸ್ತಿನಲ್ಲಿ ಮಾಡುತ್ತದೆ. ಹಳೆ ತಾರಸಿಯ ಮೇಲೆ ಎರಡು ರೂಮು ಎತ್ತುವವರು, ಕೆಳಗೆ ಗೋಡೆ ಇಲ್ಲದ ಕಡೆ ಮೇಲೆ ಗೋಡೆ ಬೇಕು ಅನ್ನುವವರು, ಇದನ್ನು ಗಮನಿಸಲೇಬೇಕು.

ಕೆಲಸದವರಿಗೂ ಇದು ದೊಡ್ಡ ವಿಷಯ. 30 ಕೆ.ಜಿ.ಯ ಕಲ್ಲನ್ನು ಎದೆಮಟ್ಟ ದಾಟಿದ ಸಾಲಿಗೆ ಎತ್ತಿ ಇಡುವವರ ಸೊಂಟದ ಕಥೆ ಒಮ್ಮೆ ಪಕ್ಕದಲ್ಲಿ ನಿಂತು ನೋಡಿದರೆ ಸಾಕು, ತಿಳಿಯುತ್ತದೆ. ಹಗುರ ಬ್ಲಾಕ್ ಆದರೆ ದಿನಕ್ಕೆ ಜಾಸ್ತಿ ಗೋಡೆ ಏಳುತ್ತದೆ. ಮೇಸ್ತ್ರಿಯ ಹತ್ತಿರ ರೇಟು ಮಾತಾಡುವಾಗ ಇದು ನಿಮ್ಮ ತಲೆಯಲ್ಲಿ ಇರಲಿ. ಆದರೆ ಕ್ಲೇ ಬ್ಲಾಕ್ ಕಟ್ಟಿ ಅಭ್ಯಾಸ ಇಲ್ಲದ ಮೇಸ್ತ್ರಿ ಆದರೆ ಮೊದಲ ವಾರ ಕೆಲಸ ನಿಧಾನವೇ. ನಮ್ಮಲ್ಲಿ ಕೆಂಪುಕಲ್ಲು ಕಟ್ಟುವ ಕೈಗಳು ಬೇಕಾದಷ್ಟು, ಕ್ಲೇ ಬ್ಲಾಕಿನ ಕೈಗಳು ಕಡಿಮೆ.

ಸಾಗಾಟವನ್ನೂ ಸೇರಿಸಿ. ಕೆಂಪುಕಲ್ಲು ಗುಡ್ಡದ ಆಚೆಯ ಕೋರೆಯಿಂದ ಬರುತ್ತದೆ. ಕುಣಿಗಲ್‌ನಿಂದ ಬರುವ ಲೋಡ್ ಶಿರಾಡಿ ಘಾಟಿ ಇಳಿದು, ತಲಪಾಡಿ ದಾಟಿ ಬರಬೇಕು. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಜರಿದು ದಾರಿ ನಿಲ್ಲುವುದು ಉಂಟು. ಆಗ ಕೆಲಸವೂ ನಿಲ್ಲುತ್ತದೆ. ದಾರಿಯಲ್ಲಿ ಒಡೆದದ್ದು ಯಾರ ಲೆಕ್ಕ ಅಂತ ಆರ್ಡರ್ ಕೊಡುವಾಗಲೇ ಬರೆಸಿಕೊಳ್ಳಿ. ಇಳಿಸುವ ಕೂಲಿಯನ್ನೂ ಲೋಡ್ ಬರುವ ಮೊದಲೇ ಮಾತಾಡಿ ಮುಗಿಸಿ. ಕೆಲಸ ಮಾಡದೆ ಕೇಳುವ ನೋಕ್ಕುಕೂಲಿಯನ್ನು ಕೇರಳ ಸರಕಾರ 2018ರ ಮೇ 1ರಿಂದ ನಿಲ್ಲಿಸಿದೆ. ಕೆಲಸ ಮಾಡಿದವರ ಕೂಲಿ ಮಾತ್ರ ಸರಿಯಾಗಿ ಕೊಡಬೇಕು.

ತಂಪು ಎಷ್ಟು ನಿಜ?

ಕ್ಲೇ ಬ್ಲಾಕ್ ಮಾರುವವರು ಮೊದಲು ಹೇಳುವ ಮಾತು ತಂಪು. ಮಾತು ಸುಳ್ಳಲ್ಲ. 8 ಇಂಚಿನ ಸಾಲಿಡ್ ಸಿಮೆಂಟ್ ಗೋಡೆಯಲ್ಲಿ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಒಂದು ಚದರ ಮೀಟರಿನಲ್ಲಿ ಸುಮಾರು 3 ವ್ಯಾಟ್ ಬಿಸಿ ಒಳಗೆ ದಾಟುತ್ತದೆ. ಅಷ್ಟೇ ದಪ್ಪದ ಒಳ್ಳೆಯ ಕ್ಲೇ ಬ್ಲಾಕಿನಲ್ಲಿ 1 ವ್ಯಾಟ್ ಚಿಲ್ಲರೆ. ತೂತುಗಳಲ್ಲಿ ನಿಂತ ಗಾಳಿ ಮಾಡುವ ಕೆಲಸ ಇದು. ಪಡುವಣ ಬಿಸಿಲು ಬೀಳುವ 15 ಚದರ ಮೀಟರ್ ಗೋಡೆಗೆ ಹತ್ತು ಡಿಗ್ರಿ ವ್ಯತ್ಯಾಸ ಹಾಕಿ ನೋಡಿ. ಸಿಮೆಂಟಿನಲ್ಲಿ 450 ವ್ಯಾಟ್, ಕ್ಲೇಯಲ್ಲಿ 150-200.

ಆದರೆ ಅದೇ ಲೆಕ್ಕವನ್ನು ತಾರಸಿಗೆ ಹಾಕಿ. ಸಾವಿರ ಚದರ ಅಡಿ ಬರಿ ಕಾಂಕ್ರೀಟ್ ಸ್ಲ್ಯಾಬ್, ಅದೇ ಹತ್ತು ಡಿಗ್ರಿ: 3000 ವ್ಯಾಟ್ ದಾಟುತ್ತದೆ. ಏಪ್ರಿಲಿನ ಬಿಸಿಲು ನೇರ ಸ್ಲ್ಯಾಬಿನ ಮೇಲೆ ಹೊಡೆಯುವಾಗ ಇನ್ನೂ ಜಾಸ್ತಿ. ಅಂದರೆ ಮೇಲೆ ಬರಿ ಸ್ಲ್ಯಾಬ್ ಬಿಟ್ಟು ಗೋಡೆಗೆ ಮಾತ್ರ ತಂಪಿನ ಬ್ಲಾಕ್ ಹಾಕಿದರೆ ಸಿಗುವ ಸುಖ ಕಡಿಮೆ. ಕೈಯಲ್ಲಿ ಸ್ವಲ್ಪ ಹಣ ಜಾಸ್ತಿ ಇದ್ದರೆ ಮೊದಲು ತಾರಸಿ ಮೇಲೆ ಹಂಚಿನ ಮಾಡು ಹಾಕಿಸಿ, ಎರಡು ಅಡಿ ಚಾಚಿ ಗೋಡೆಗೂ ನೆರಳು ಕೊಡಿ. ಅದೇ ಮಾಡು ಬಿಸಿಲಿಗೂ ಆಯಿತು, ಮಳೆಗೂ ಆಯಿತು. ಆಮೇಲೂ ಹಣ ಉಳಿದರೆ ಕ್ಲೇ ಬ್ಲಾಕ್.

ಎಸಿ ಹಾಕುವ ಕೋಣೆ ಆದರೆ ಮಾತು ಬೇರೆ. ಕಿಟಕಿ ಮುಚ್ಚಿ ತಂಪು ಮಾಡುವ ಕೋಣೆಗೆ ಕ್ಲೇ ಗೋಡೆ ಪ್ರತಿ ತಿಂಗಳ ಬಿಲ್ಲಿನಲ್ಲಿ ಉಪಕಾರ ಮಾಡುತ್ತದೆ. ಕಿಟಕಿ ತೆರೆದು ಗಾಳಿಗೆ ಮಲಗುವವರಿಗೆ ಗೋಡೆಗಿಂತ ಗಾಳಿ ಮುಖ್ಯ. ನಮ್ಮ ಕರಾವಳಿಯಲ್ಲಿ ಹಗಲು ರಾತ್ರಿಯ ಉಷ್ಣದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಹಾಗಾಗಿ ಹಗಲಿಡೀ ಬಿಸಿಲು ಕುಡಿದ ದಪ್ಪ ಸಿಮೆಂಟ್ ಗೋಡೆ ರಾತ್ರಿ ಹತ್ತು ಗಂಟೆಗೂ ಬೆಚ್ಚಗೆ ಇರುತ್ತದೆ. ಕೈ ಇಟ್ಟು ನೋಡಿ, ಗೊತ್ತಾಗುತ್ತದೆ. ನೆರಳಿನಲ್ಲಿರುವ ಕೆಂಪುಕಲ್ಲಿನ ಗೋಡೆಗೆ ಆ ತೊಂದರೆ ಅಷ್ಟಾಗಿ ಇಲ್ಲ.

ಶಬ್ದದ ವಿಷಯದಲ್ಲಿ ಭಾರದ ಗೋಡೆಯದ್ದೇ ಮೇಲುಗೈ. ಹೆದ್ದಾರಿ ಪಕ್ಕ ಮನೆ ಆದರೆ ಇದನ್ನೂ ಯೋಚಿಸಿ.

ಮಳೆ ಮತ್ತು ಬಿರುಕು

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆ ಇದು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಗಾಳಿಯ ಜೊತೆ ಮಳೆ ಅಡ್ಡ ಹೊಡೆಯುತ್ತದೆ. ಕ್ಲೇ ಬ್ಲಾಕ್ ನೀರು ಹೀರುತ್ತದೆ. ಐಎಸ್ ಪ್ರಕಾರ ತೂಕದ ಶೇ. 20ರ ತನಕ ಹೀರಬಹುದು. ಸಿಮೆಂಟ್ ಬ್ಲಾಕಿಗೆ ಮಿತಿ ಶೇ. 10, ಕೆಂಪುಕಲ್ಲಿಗೆ ಶೇ. 12. ಅಂದರೆ ಕ್ಲೇ ಗೋಡೆಯನ್ನು ಹೊರಗಡೆ ಸಾರಣೆ ಮಾಡದೆ ಚೆಂದಕ್ಕೆ ಅಂತ ಹಾಗೇ ಬಿಡುವುದು ನಮ್ಮ ಊರಿಗೆ ಆಗುವುದಿಲ್ಲ, ಉದ್ದ ಮಾಡಿನ ಕೆಳಗೆ ಇದ್ದರೆ ಮಾತ್ರ ನೋಡಬಹುದು.

ಕಟ್ಟುವಾಗ ಒಂದು ಕೆಲಸ ತಪ್ಪದೆ ಮಾಡಿಸಿ. ಸಂಜೆ ಕೆಲಸ ಬಿಡುವ ಮೊದಲು ಕ್ಲೇ ಗೋಡೆಯ ತಲೆಗೆ ಪ್ಲಾಸ್ಟಿಕ್ ಹೊದಿಸಬೇಕು. ನೇರ ತೂತಿನ ಬ್ಲಾಕ್ ಆದರೆ ರಾತ್ರಿಯ ಒಂದು ಮಳೆಗೆ ತೂತುಗಳಲ್ಲಿ ನೀರು ಕೆಳಗಿನ ಸಾಲಿನ ತನಕ ಇಳಿದು ನಿಲ್ಲುತ್ತದೆ. ಮೇಲೆ ಸಾರಣೆ ಮಾಡಿ ಬಣ್ಣ ಹೊಡೆದ ಮೇಲೆ ಆ ನೀರು ಮೆಲ್ಲ ಹೊರಗೆ ಬರುತ್ತದೆ. ನೆಲದಿಂದ ಒಂದಡಿ ಎತ್ತರಕ್ಕೆ ಬಿಳಿ ಉಪ್ಪು ಎದ್ದು, ಬಣ್ಣ ಹೊಪ್ಪಳೆ ಏಳುತ್ತದೆ. ಎಲ್ಲರೂ ಪಂಚಾಂಗದಿಂದ ನೀರು ಏರುತ್ತಿದೆ ಅಂದುಕೊಳ್ಳುತ್ತಾರೆ. ಒಂದು ಪ್ಲಾಸ್ಟಿಕ್ ಹಾಳೆಯಲ್ಲಿ ತಪ್ಪಿಸಬಹುದಾದ ಕೆಲಸ ಅಲ್ವಾ ಇದು?

ಸಿಮೆಂಟ್ ಬ್ಲಾಕಿನ ದೊಡ್ಡ ರೋಗ ಬಿರುಕು. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ. ಯಾರ್ಡಿನಲ್ಲಿ ಪೂರ್ತಿ ಕುಗ್ಗಿ ಮುಗಿದ ಬ್ಲಾಕ್ ಬಂದರೆ ತೊಂದರೆ ಇಲ್ಲ. ಐಎಸ್ 2185 ಹೇಳುವುದು ಕನಿಷ್ಠ 14 ದಿನ ಒದ್ದೆಯಾಗಿ ಇಡಬೇಕು, ಆಮೇಲೆ ನಾಲ್ಕು ವಾರ ಒಣಗಿಸಬೇಕು ಅಂತ. ಬೇಡಿಕೆ ಜಾಸ್ತಿ ಇರುವ ಫೆಬ್ರವರಿ, ಮಾರ್ಚ್‌ನಲ್ಲಿ ಆರು ವಾರ ಕಾಯುವ ಯಾರ್ಡ್ ಸಿಗುವುದು ಕಷ್ಟ. ಮೊನ್ನೆ ಒತ್ತಿದ ಬ್ಲಾಕ್ ಇವತ್ತು ಗೋಡೆಗೆ ಏರಿದರೆ, ಅದು ಗೋಡೆಯಲ್ಲೇ ಕುಗ್ಗುತ್ತದೆ, ಗಾರೆಯ ಗೆರೆ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಇಳಿಯುತ್ತದೆ. ಕಟ್ಟುವಾಗ ಸಿಮೆಂಟ್ ಬ್ಲಾಕನ್ನು ನೀರಲ್ಲಿ ನೆನೆಸಲೂ ಬಾರದು, ಮೇಲಿಂದ ಸ್ವಲ್ಪ ಚಿಮುಕಿಸಿದರೆ ಸಾಕು. ಕ್ಲೇ ಬ್ಲಾಕಿಗೆ ಮತ್ತು ಕೆಂಪುಕಲ್ಲಿಗೆ ಇದರ ಉಲ್ಟಾ. ಅವು ಒಣಗಿದ್ದರೆ ಗಾರೆಯ ನೀರನ್ನೇ ಎಳೆದುಕೊಳ್ಳುತ್ತವೆ, ಚೆನ್ನಾಗಿ ಒದ್ದೆ ಮಾಡಿ ಇಡಬೇಕು. ಕ್ಲೇ ಬ್ಲಾಕಿಗೆ ಆ ಕುಗ್ಗುವ ತೊಂದರೆ ಇಲ್ಲ, ಅದು ಗೂಡಿನಲ್ಲೇ ಕುಗ್ಗಿ ಮುಗಿದಿರುತ್ತದೆ. ಯಾವ ಬ್ಲಾಕ್ ಆದರೂ ಕಾಂಕ್ರೀಟ್ ಕಂಬ ಸೇರುವ ಕಡೆ ಸಾರಣೆಯ ಒಳಗೆ ಮೆಶ್ ಹಾಕಿಸಿ, ಬಿರುಕು ಮೊದಲು ಕಾಣುವುದು ಅಲ್ಲೇ.

ಮೊಳೆ ಹೊಡೆಯುವ ದಿನ

ಮನೆ ಒಕ್ಕಲಾದ ಮೇಲೆ ನೆನಪಾಗುವ ವಿಷಯ ಇದು. ಸಾಲಿಡ್ ಸಿಮೆಂಟ್ ಬ್ಲಾಕಿಗೆ, ಕೆಂಪುಕಲ್ಲಿಗೆ ಏನು ಬೇಕಾದರೂ ತೂಗಿಸಬಹುದು. ಕ್ಲೇ ಬ್ಲಾಕಿಗೆ ಹ್ಯಾಮರ್ ಡ್ರಿಲ್ ಇಟ್ಟರೆ ಒಳಗಿನ ಪದರ ಚೂರು ಚೂರಾಗುತ್ತದೆ, ಸ್ಕ್ರೂ ತಿರುಗುತ್ತಲೇ ಇರುತ್ತದೆ. ಹ್ಯಾಮರ್ ಆಫ್ ಮಾಡಿ, ಬರಿ ತಿರುಗುವ ಡ್ರಿಲ್ಲಿನಲ್ಲಿ ತೂತು ಕೊರೆದು, ಟೊಳ್ಳು ಗೋಡೆಗೆಂದೇ ಇರುವ ಉದ್ದದ ನೈಲಾನ್ ಪ್ಲಗ್ ಹಾಕಬೇಕು. ಗೀಸರ್, ಅಡುಗೆಮನೆಯ ಮೇಲಿನ ಕಪಾಟು, ಬೇಸಿನ್ ಇವಕ್ಕೆ ಜಾಗ ಮೊದಲೇ ಗುರುತು ಮಾಡಿ, ಆ ಕಡೆ ಎರಡು ಸಾಲು ಸಾಲಿಡ್ ಕಟ್ಟಿಸಿದರೆ ಮುಂದಿನ ತಲೆಬಿಸಿ ಇಲ್ಲ. ವಯರಿಂಗಿಗೆ ಉಳಿ ಸುತ್ತಿಗೆ ಬೇಡ, ಕಟ್ಟರ್‌ನಲ್ಲೇ ಗೆರೆ ಕೊಯ್ಯಲು ಹೇಳಿ.

ದುಡ್ಡು ಕೊಡುವ ಮೊದಲು

ಕ್ಲೇ ಬ್ಲಾಕನ್ನು ಕಬ್ಬಿಣದ ತುಂಡಿನಿಂದ ತಟ್ಟಿ. ಚೆನ್ನಾಗಿ ಸುಟ್ಟದ್ದು ಕಣ್ ಅಂತ ದನಿ ಕೊಡುತ್ತದೆ, ಹಸಿಯಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಆಮೇಲೆ ಒಂದು ಒಣ ಬ್ಲಾಕ್ ತೂಗಿ, ಒಂದು ಹಗಲು ಒಂದು ರಾತ್ರಿ ನೀರಲ್ಲಿ ಮುಳುಗಿಸಿ, ಒರೆಸಿ ಪುನಃ ತೂಗಿ. 11 ಕೆ.ಜಿ. ಇದ್ದದ್ದು 13.2 ದಾಟಬಾರದು. ಮೂಲೆಗಳು ನೀರಲ್ಲಿ ಮೆತ್ತಗಾದರೆ ಆ ಲೋಡ್ ಬೇಡ.

ಸಿಮೆಂಟ್ ಬ್ಲಾಕಿನ ಅಂಚನ್ನು ಮೊಳೆಯಲ್ಲಿ ಗೀರಿ. ಹುಡಿ ಉದುರಿದರೆ ಸಿಮೆಂಟ್ ಕಮ್ಮಿ, ಅಥವಾ ನೀರು ಹಾಕಿಲ್ಲ. ಒತ್ತಿದ ತಾರೀಕು ಕೇಳಿ. ನೀರು ಹಾಕುವ ವ್ಯವಸ್ಥೆ ಎಲ್ಲಿದೆ ಅಂತ ಯಾರ್ಡಿನಲ್ಲೇ ಕಣ್ಣಾರೆ ನೋಡಿ.

ಕೆಂಪುಕಲ್ಲಿಗೆ ಕೋರೆಗೇ ಹೋಗಿ. ಮೇಲಿನ ಪದರದ ಕಲ್ಲು ಗಟ್ಟಿ, ಕಂದು ಕೆಂಪು, ಒರಟು. ಕೆಳಗೆ ಹೋದಂತೆ ಹಳದಿ, ಬಿಳಿ ಶೇಡಿಮಣ್ಣಿನ ಚುಕ್ಕೆ ಜಾಸ್ತಿ. ಆ ಬಿಳಿ ಜಾಗಕ್ಕೆ ಬೆರಳು ಹಾಕಿದರೆ ಮಣ್ಣು ಕೈಗೆ ಬರುತ್ತದೆ. ಅಂಥ ಕಲ್ಲು ಲೋಡಿನ ಮಧ್ಯದಲ್ಲಿ ಬಂದರೆ ಇಳಿಸುವಾಗಲೇ ಬೇರೆ ಇಡಿಸಿ. ಹೊಸದಾಗಿ ಕಡಿದ ಕಲ್ಲು ಗಾಳಿ ಬಿಸಿಲು ತಾಗಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಹಾಗಾಗಿ ಸ್ವಲ್ಪ ದಿನ ಬಿಟ್ಟು ಕಟ್ಟುವುದು ಒಳ್ಳೆಯದು. ಹಳೆ ಮನೆ ಕೆಡವಿದ ಕಲ್ಲು ಸಿಕ್ಕಿದರೆ ಬಿಡಬೇಡಿ. ಗಾರೆ ಕೆರೆದು ತೆಗೆದರೆ ಅದು ಪುನಃ ಗೋಡೆಗೆ ಹೋಗುತ್ತದೆ. ಈ ಗುಣ ಕ್ಲೇ ಬ್ಲಾಕಿಗೂ ಇಲ್ಲ, ಸಿಮೆಂಟ್ ಬ್ಲಾಕಿಗೂ ಇಲ್ಲ.

ನಾನಾದರೆ ಹೀಗೆ

ಒಂದಂತಸ್ತಿನ ಮನೆ, ಗಟ್ಟಿ ನೆಲ, ಹತ್ತಿರದಲ್ಲಿ ಪರವಾನಗಿ ಇರುವ ಒಳ್ಳೆಯ ಕೋರೆ: ಕೆಂಪುಕಲ್ಲು. ಇದರಲ್ಲಿ ನನಗೆ ಸಂಶಯವೇ ಇಲ್ಲ. ಅದರ ಮೇಲೆ ಎರಡನೇ ಅಂತಸ್ತು ಬೇಕಾದರೆ (ಭಾರ ಹೊರುವ ಬ್ಲಾಕ್ ಆಗಿ, ಇಂಜಿನಿಯರ್ ಒಪ್ಪಿದರೆ) ಅಥವಾ ತಾರಸಿ ಮೇಲೆ ಕೋಣೆ ವಿಂಗಡಿಸಬೇಕಾದರೆ ಕ್ಲೇ ಬ್ಲಾಕ್, ಒಳಗೋಡೆಗೆ 4 ಇಂಚಿನದ್ದೇ ಸಾಕು. ಮೊದಲಿನಿಂದಲೂ ಕಂಬದ ಕಟ್ಟಡ ಆದರೆ ಹೊರಗೋಡೆಗೆ 8 ಇಂಚಿನ ಕ್ಲೇ ಬ್ಲಾಕ್, ಪಡು ಮತ್ತು ತೆಂಕು ದಿಕ್ಕಿಗಾದರೂ. ಬಚ್ಚಲು, ಕಕ್ಕಸು ಗುಂಡಿ, ಕಂಪೌಂಡ್, ದನದ ಹಟ್ಟಿ, ಅಡಿಕೆ ಶೆಡ್ಡು, ನೀರು ಪೆಟ್ಟು ತಾಗುವ ಜಾಗಗಳಿಗೆಲ್ಲ ಸಾಲಿಡ್ ಸಿಮೆಂಟ್. ಕೆಂಪುಕಲ್ಲು ಸಿಗದೆ, ಬಜೆಟ್ಟೂ ಬಿಗಿ ಇದ್ದರೆ ಇಡೀ ಮನೆಗೆ ಸಾಲಿಡ್ ಸಿಮೆಂಟ್ ಹಾಕಿದರೂ ತಪ್ಪೇನಿಲ್ಲ, ಆರು ವಾರ ಹಳೆಯ ಬ್ಲಾಕ್ ಆಗಿರಬೇಕು, ಅಷ್ಟೆ.

ಯಾವುದು ಅಂತ ನಿಶ್ಚಯ ಆದ ಮೇಲೆ ಪ್ಲ್ಯಾನಿನ ಅಳತೆಯನ್ನು ಬ್ಲಾಕಿಗೆ ಹೊಂದಿಸಿಕೊಳ್ಳಿ. 20 ಸೆಂಟಿಮೀಟರ್ ಎತ್ತರದ ಬ್ಲಾಕಿಗೆ ಒಂದು ಸೆಂಟಿಮೀಟರ್ ಗಾರೆ ಸೇರಿದರೆ ಹತ್ತು ಸಾಲಿಗೆ 2.1 ಮೀಟರ್, ಸರಿಯಾಗಿ ಬಾಗಿಲಿನ ಲಿಂಟಲಿನ ಮಟ್ಟ. ಕೋಣೆಯ ಉದ್ದವನ್ನೂ ಅರ್ಧ ಬ್ಲಾಕಿಗೆ ಸರಿಹೊಂದುವಂತೆ ಮೂರು ನಾಲ್ಕು ಇಂಚು ಆಚೀಚೆ ಮಾಡಿದರೆ ಕತ್ತರಿಸಿ ಬಿಸಾಡುವುದು ಕಡಿಮೆಯಾಗುತ್ತದೆ. ಕ್ಲೇ ಬ್ಲಾಕ್ ಆದರೆ ಅರ್ಧದ ಬ್ಲಾಕುಗಳನ್ನೂ ಮೊದಲ ಲೋಡಿನಲ್ಲೇ ತರಿಸಿ. ಪಂಚಾಂಗ ಎದ್ದ ಮೇಲೆ ಈ ಅಳತೆ ಬದಲಿಸಲು ಆಗುವುದಿಲ್ಲ.